ಒಡೆಯದ ನಾದಕ್ಕೆ ಎಂಥ ಪೆಟ್ಟಿಗೆ?

1974ರ ಮಾರ್ಚ್ 23. ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಕೌ ಪ್ಯಾಲೇಸ್ ಸಭಾಂಗಣದಲ್ಲಿ ಅಮೆರಿಕದ ರಾಕ್ ತಂಡ ‘ಗ್ರೇಟ್‌ಫುಲ್ ಡೆಡ್’ ವೇದಿಕೆ ಹತ್ತಿದಾಗ ಅವರ ಬೆನ್ನ ಹಿಂದೆ ಮೂರು ಮಹಡಿ ಎತ್ತರದ ಸ್ಪೀಕರುಗಳ ಗೋಡೆ ಎದ್ದು ನಿಂತಿತ್ತು. ಸುಮಾರು ಆರುನೂರು ಸ್ಪೀಕರು, 26,000 ವ್ಯಾಟ್‌ಗೂ ಮಿಕ್ಕ ಶಕ್ತಿ, ಎಲ್ಲ ಸೇರಿ 75 ಟನ್ನಿನ ಆಸುಪಾಸು ತೂಕ. ‘ವಾಲ್ ಆಫ್ ಸೌಂಡ್’ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಆ ಗೋಡೆಯಲ್ಲಿ ಒಂದೊಂದು ವಾದ್ಯಕ್ಕೂ ಅದರದೇ ಸ್ಪೀಕರುಗಳಿದ್ದವು. ಬೇಸ್ ಗಿಟಾರ್ ನುಡಿಸುತ್ತಿದ್ದ ಫಿಲ್ ಲೆಶ್ ಅವರಿಗಂತೂ ನಾಲ್ಕು ತಂತಿಗಳ ನಾದವನ್ನು ಬೇರೆಬೇರೆ ಮಾಡಿ, ಪ್ರತಿ ತಂತಿಯನ್ನೂ ಅದರದೇ ಸ್ಪೀಕರ್ ಗುಂಪಿಗೆ ಕಳಿಸುವ ಏರ್ಪಾಡಿತ್ತು.

ಅತಿರೇಕದಂತೆ ಕಾಣುವ ಇದರ ಹಿಂದೆ ನೇರವಾದ ಲೆಕ್ಕಾಚಾರವಿತ್ತು. ತಗ್ಗಿನ ಸ್ವರ ಹೊರಡಿಸಲು ಸ್ಪೀಕರಿನ ಕೋನ್, ಅಂದರೆ ಅದರ ಅದುರುವ ಪರದೆ, ಮುಂದಕ್ಕೂ ಹಿಂದಕ್ಕೂ ದೊಡ್ಡದಾಗಿ ಓಡಾಡಬೇಕು. ಅದೇ ಹೊತ್ತಿಗೆ ಅದೇ ಕೋನ್ ಮೇಲಿನ ಸ್ವರಗಳನ್ನೂ ನುಡಿಯಬೇಕಾಗಿ ಬಂದರೆ ಎರಡೂ ಒಂದರೊಳಗೊಂದು ಕಲಸಿಹೋಗುತ್ತವೆ. ಎಂಜಿನಿಯರುಗಳು ಇಂಟರ್‌ಮಾಡ್ಯುಲೇಷನ್ ಎನ್ನುವ ಈ ಕಲಸಾಟ ವಾಲ್ಯೂಮ್ ಏರಿಸಿದಷ್ಟೂ ಹೆಚ್ಚುತ್ತದೆ. ಕೆಲಸವನ್ನು ನೂರಾರು ಕೋನುಗಳಿಗೆ ಹಂಚಿದರೆ ಯಾವುದೂ ತನ್ನ ಮಿತಿಯ ಹತ್ತಿರ ಸುಳಿಯಬೇಕಾಗಿಲ್ಲ. ಆಗ ಎಷ್ಟು ಜೋರಾದರೂ ನಾದ ತಿಳಿಯಾಗಿಯೇ ಉಳಿಯುತ್ತದೆ.

ಆ ಗೋಡೆ ಹೆಚ್ಚು ಕಾಲ ಬಾಳಲಿಲ್ಲ. ಸಾಗಿಸುವ, ಕಟ್ಟುವ, ಬಿಚ್ಚುವ ಖರ್ಚು ತಾಳಲಾಗದೆ ಅದೇ ವರ್ಷದ ಅಕ್ಟೋಬರ್ ಕಛೇರಿಗಳ ನಂತರ ತಂಡ ಅದನ್ನು ಕೈಬಿಟ್ಟಿತು. ಅದು ಎತ್ತಿಕೊಂಡಿದ್ದ ಸಮಸ್ಯೆ ಮಾತ್ರ ಇವತ್ತಿಗೂ ಪ್ರತಿ ಬೇಸ್ ವಾದಕರ ಎದುರಿಗಿದೆ. ಕಾರಿನ ಡಿಕ್ಕಿಯಲ್ಲಿ ಹಿಡಿಸುವ, ಒಬ್ಬರೋ ಇಬ್ಬರೋ ಎತ್ತಬಹುದಾದ ಪೆಟ್ಟಿಗೆಯಿಂದ ಡ್ರಮ್ಸಿನ ಅಬ್ಬರಕ್ಕೆ ಸಮನಾಗಿ, ಆದರೂ ಒಡೆಯದಂತೆ ಬೇಸ್ ಕೇಳಿಸುವುದು ಹೇಗೆ?

ಗಣೇಶೋತ್ಸವದ ರಸಮಂಜರಿ, ಕಾಲೇಜು ಫೆಸ್ಟ್, ಬೆಂಗಳೂರಿನ ಪಬ್ಬು, ಎಲ್ಲಿ ಹೋದರೂ ಈ ತೊಂದರೆ ಮಾಮೂಲು. ಮನೆಯ ಕೋಣೆಯಲ್ಲಿ ಸೊಗಸಾಗಿದ್ದ ನಾದ, ಬ್ಯಾಂಡ್ ಪೂರ್ತಿ ನುಡಿಸತೊಡಗಿ ವಾಲ್ಯೂಮ್ ಏರಿಸಿದ ಕೂಡಲೇ ‘ಬರ್ರ್’ ಎನ್ನುತ್ತದೆ. ‘ಸೌಂಡ್ ಒಡೀತಾ ಇದೆ’ ಎಂದು ಸೌಂಡಿನವರು ಕೈಸನ್ನೆ ಮಾಡುತ್ತಾರೆ. ಆಗ ತಕ್ಷಣ ಹೊಳೆಯುವ ಪರಿಹಾರ ಇನ್ನಷ್ಟು ವ್ಯಾಟಿನ ಆಂಪ್, ಅಂದರೆ ಆಂಪ್ಲಿಫೈಯರ್. ಬಹಳ ಸಲ ದುಡ್ಡು ಖರ್ಚಾಗುತ್ತದೆ, ಒಡಕು ಹಾಗೇ ಉಳಿಯುತ್ತದೆ. ಏಕೆಂದರೆ ಕೊರತೆ ಇರುವುದು ಕರೆಂಟಿನಲ್ಲಲ್ಲ, ಪೆಟ್ಟಿಗೆ ತಳ್ಳಬಲ್ಲ ಗಾಳಿಯಲ್ಲಿ.

ತಗ್ಗಿನ ಸ್ವರ ಕೇಳುವ ಬೆಲೆ

ನಾಲ್ಕು ತಂತಿಯ ಬೇಸ್ ಗಿಟಾರಿನಲ್ಲಿ ಎಲ್ಲಕ್ಕಿಂತ ದಪ್ಪನೆಯ ‘ಇ’ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅಂದರೆ 41 ಹರ್ಟ್ಝ್. ಐದು ತಂತಿಯ ವಾದ್ಯದ ‘ಬಿ’ ತಂತಿ 31ಕ್ಕೆ ಇಳಿಯುತ್ತದೆ. 41 ಹರ್ಟ್ಝ್‌ನ ಒಂದು ಅಲೆ ಗಾಳಿಯಲ್ಲಿ ಎಂಟು ಮೀಟರಿಗೂ ಉದ್ದ. ಸಾಧಾರಣ ಮನೆಯ ನಡುಮನೆಯಲ್ಲಿ ಅದು ಹಿಡಿಸುವುದೇ ಇಲ್ಲ.

ಇಷ್ಟು ಉದ್ದದ ಅಲೆ ಎಬ್ಬಿಸಲು ಬಹಳ ಗಾಳಿ ಜರುಗಿಸಬೇಕು. ಇಲ್ಲಿ ಭೌತಶಾಸ್ತ್ರದ ಲೆಕ್ಕ ನಿಷ್ಠುರವಾದದ್ದು. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಶಬ್ದದ ಒತ್ತಡ ಅಷ್ಟೇ ಇರಬೇಕೆಂದರೆ, ಕೋನ್ ನಾಲ್ಕು ಪಟ್ಟು ದೂರ ಓಡಬೇಕು. 82 ಹರ್ಟ್ಝ್‌ನಲ್ಲಿ ಒಂದು ಮಿಲಿಮೀಟರ್ ಓಡಿದರೆ ಸಾಕಾಗಿದ್ದ ಕೋನ್ 41ರಲ್ಲಿ ನಾಲ್ಕು ಮಿಲಿಮೀಟರ್ ಓಡಬೇಕು. ಬೇಸ್ ಸ್ಪೀಕರುಗಳ ಕೋನಿಗೆ ಮಧ್ಯದಿಂದ ಒಂದೊಂದು ಬದಿಗೆ ಹಿಡಿತ ತಪ್ಪದೆ ಓಡಲು ಇರುವ ಜಾಗವೇ ಹೆಚ್ಚಿನವುಗಳಲ್ಲಿ ಕೆಲವು ಮಿಲಿಮೀಟರ್ ಮಾತ್ರ.

ಕಿವಿಯೂ ಇಲ್ಲಿ ನೆರವಿಗೆ ಬರುವುದಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟಂತೆ, ತಗ್ಗಿನ ಸ್ವರಗಳಿಗೆ ಮನುಷ್ಯನ ಕಿವಿ ಮಂದ. ಸಾಧಾರಣ ಮಟ್ಟದಲ್ಲಿ ಕೇಳುವಾಗ 1,000 ಹರ್ಟ್ಝ್‌ನ ಸ್ವರದಷ್ಟೇ ಗಟ್ಟಿಯಾಗಿ 40 ಹರ್ಟ್ಝ್ ಕೇಳಿಸಬೇಕೆಂದರೆ ಅದನ್ನು 20 ಡೆಸಿಬೆಲ್‌ಗೂ ಹೆಚ್ಚು ಎತ್ತರಿಸಬೇಕು. ಗಿಟಾರ್ ವಾದಕರು 50 ವ್ಯಾಟಿನಲ್ಲಿ ಕಛೇರಿ ಮುಗಿಸುವ ಜಾಗದಲ್ಲಿ ಬೇಸಿನವರಿಗೆ ಐನೂರು ಬೇಕೆನಿಸುವುದು ಇದರಿಂದಲೇ.

ಒಂದು ಸಮಾಧಾನವೂ ಉಂಟು. ‘ಇ’ ತಂತಿ ಮೀಟಿದಾಗ 41 ಹರ್ಟ್ಝ್‌ನ ಮೂಲಸ್ವರದ ಜತೆಗೆ 82, 123, 164 ಎಂದು ಅದರ ಹಾರ್ಮೋನಿಕ್‌ಗಳೂ ಹೊಮ್ಮುತ್ತವೆ, ಎಷ್ಟೋ ಸಲ ಮೂಲಸ್ವರಕ್ಕಿಂತ ಜೋರಾಗಿಯೇ. ಇವು ಸ್ಪಷ್ಟವಾಗಿ ಕೇಳಿಸಿದರೆ ಮೂಲಸ್ವರ ಕ್ಷೀಣವಾಗಿದ್ದರೂ ಮಿದುಳು ಅದನ್ನು ತುಂಬಿಕೊಳ್ಳುತ್ತದೆ. ಹೀಗಾಗಿ ಒಳ್ಳೆಯ ಪೆಟ್ಟಿಗೆ ಎಂದರೆ ಪಾತಾಳಕ್ಕೆ ಇಳಿಯುವ ಪೆಟ್ಟಿಗೆಯೇ ಆಗಬೇಕೆಂದಿಲ್ಲ. 60ರಿಂದ 300 ಹರ್ಟ್ಝ್‌ವರೆಗೆ ಸೋಲದೆ ನುಡಿಯುವುದು ಹೆಚ್ಚು ಮುಖ್ಯ.

ಸೋತದ್ದು ಒಂದು, ಗೆದ್ದದ್ದು ಇನ್ನೊಂದು

ಲಿಯೋ ಫೆಂಡರ್ 1951ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ಮರುವರ್ಷ ಅದಕ್ಕೆ ಜೊತೆಯಾಗಿ 15 ಇಂಚಿನ ಒಂದು ಸ್ಪೀಕರಿನ ‘ಬೇಸ್‌ಮ್ಯಾನ್’ ಆಂಪ್ ಬಂತು. 1950ರ ದಶಕದ ನಡುವಿಗೆ ಅದು 10 ಇಂಚಿನ ನಾಲ್ಕು ಸ್ಪೀಕರುಗಳ, ಹಿಂಬದಿ ತೆರೆದ ಪೆಟ್ಟಿಗೆಯಾಯಿತು.

ಹಿಂಬದಿ ತೆರೆದದ್ದೇ ಬೇಸಿಗೆ ಮುಳುವಾಯಿತು. ಕೋನ್ ಮುಂದಕ್ಕೆ ಗಾಳಿ ಒತ್ತುವ ಕ್ಷಣದಲ್ಲೇ ಹಿಂದಿನಿಂದ ಗಾಳಿ ಎಳೆಯುತ್ತಿರುತ್ತದೆ. ತಗ್ಗಿನ ಸ್ವರದ ಉದ್ದನೆಯ ಅಲೆ ಪೆಟ್ಟಿಗೆಯ ಅಂಚನ್ನು ಸಲೀಸಾಗಿ ಬಳಸಿ ಬಂದು ಮುಂದಿನ ಅಲೆಯನ್ನು ಅಳಿಸಿಹಾಕುತ್ತದೆ. ಅಳಿದುಹೋದ ನಾದವನ್ನು ತುಂಬಿಕೊಳ್ಳಲು ವಾದಕರು ವಾಲ್ಯೂಮ್ ಏರಿಸುತ್ತಾರೆ, 50 ವ್ಯಾಟೂ ಇಲ್ಲದ ಆಂಪ್ ಉಬ್ಬಸ ಪಡುತ್ತದೆ, ನಾದ ಒಡೆಯುತ್ತದೆ. ಆ ಒಡಕು ಗಿಟಾರ್ ವಾದಕರಿಗೆ ಮಾತ್ರ ಬಹಳ ಹಿಡಿಸಿತು. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ತಮ್ಮ ಮೊದಲ ಆಂಪ್ ‘ಜೆಟಿಎಂ 45’ಕ್ಕೆ ಬೇಸ್‌ಮ್ಯಾನ್‌ನ ಸರ್ಕ್ಯೂಟನ್ನೇ ಮಾದರಿಯಾಗಿ ಇಟ್ಟುಕೊಂಡರು. ಬೇಸಿಗೆಂದು ಹುಟ್ಟಿದ ಯಂತ್ರ ರಾಕ್ ಗಿಟಾರಿನ ಗುರುತಾಗಿ ಹೋಯಿತು.

ತಿಳಿನಾದದ ಹಟ ಹಿಡಿದವರು ಆಂಪೆಗ್ ಕಂಪನಿಯ ಎವರೆಟ್ ಹಲ್. ಸ್ವತಃ ನಿಂತು ನುಡಿಸುವ ಡಬಲ್ ಬೇಸ್ ವಾದಕರು. ಒಡೆದ ನಾದವೆಂದರೆ ಅವರಿಗೆ ಆಗುತ್ತಿರಲಿಲ್ಲ. 1960ರಲ್ಲಿ ಅವರ ಕಂಪನಿಯ ಜೆಸ್ ಆಲಿವರ್ ರೂಪಿಸಿದ ‘ಪೋರ್ಟಾಫ್ಲೆಕ್ಸ್ ಬಿ-15’ ಬಂತು: 15 ಇಂಚಿನ ಒಂದೇ ಸ್ಪೀಕರು, ಲೆಕ್ಕ ಹಾಕಿ ಮಾಡಿದ ಮುಚ್ಚಿದ ಬೆನ್ನಿನ ಪೆಟ್ಟಿಗೆ, ಸಾಗಿಸುವಾಗ ಆಂಪನ್ನೇ ಮಗುಚಿ ಒಳಗಿಡುವ ಮುಚ್ಚಳ. ಡೆಟ್ರಾಯಿಟ್‌ನ ಮೋಟೌನ್ ಸಂಗೀತದ ಬೆನ್ನೆಲುಬಾಗಿದ್ದ ಜೇಮ್ಸ್ ಜೇಮರ್ಸನ್ ಬಳಸಿದ್ದು ಇದನ್ನೇ. ಆಂಪಿನ ಶಕ್ತಿ 25ರಿಂದ 30 ವ್ಯಾಟ್ ಅಷ್ಟೇ. ಸ್ಟುಡಿಯೊಗೆ, ಸಣ್ಣ ಕ್ಲಬ್ಬಿಗೆ ಅದು ಧಾರಾಳವಾಯಿತು. ಸಾವಿರಾರು ಜನ ಸೇರುವ ಕ್ರೀಡಾಂಗಣಗಳಿಗೆ ಸಾಲಲಿಲ್ಲ.

ಆ ಕೊರತೆ ತುಂಬಲು ಆಂಪೆಗ್ 1969ರಲ್ಲಿ ‘ಎಸ್‌ವಿಟಿ’ ತಯಾರಿಸಿತು. 14 ವ್ಯಾಕ್ಯೂಮ್ ಟ್ಯೂಬುಗಳ, 300 ವ್ಯಾಟಿನ, ಸುಮಾರು 38 ಕಿಲೋ ತೂಕದ ಆಂಪ್. ಅದರ ಜೊತೆಗೆ 10 ಇಂಚಿನ ಎಂಟು ಸ್ಪೀಕರುಗಳ, ನಾಲ್ಕಡಿ ಎತ್ತರದ ಪೆಟ್ಟಿಗೆ. ಮೊದಮೊದಲ ಪೆಟ್ಟಿಗೆಗಳು 240 ವ್ಯಾಟ್ ಮಾತ್ರ ತಾಳುತ್ತಿದ್ದುದರಿಂದ ಒಂದು ಆಂಪಿಗೆ ಎರಡೆರಡು ಪೆಟ್ಟಿಗೆ ಜೋಡಿಸಬೇಕಾಗುತ್ತಿತ್ತು. ಅದೇ ವರ್ಷ ಅಮೆರಿಕ ಪ್ರವಾಸಕ್ಕೆ ಬಂದ ರೋಲಿಂಗ್ ಸ್ಟೋನ್ಸ್ ತಂಡ ಇನ್ನೂ ಮಾರುಕಟ್ಟೆಗೆ ಬಾರದ ಈ ಆಂಪುಗಳನ್ನು ಬೇಸಿಗಷ್ಟೇ ಅಲ್ಲ, ಗಿಟಾರುಗಳಿಗೂ ಬಳಸಿತು. ಅಲ್ಲಿಂದ ಆ ಪೆಟ್ಟಿಗೆಗೆ ‘ಫ್ರಿಜ್’ ಎಂಬ ಅಡ್ಡಹೆಸರಿನ ಸಮೇತ ಜಗತ್ತಿನ ವೇದಿಕೆಗಳಲ್ಲಿ ಕಾಯಂ ಜಾಗ ಸಿಕ್ಕಿತು.

ಫ್ರಿಜ್‌ನ ಒಳಗುಟ್ಟು ನೋಡುವಂಥದ್ದು. ಹೊರಗಿನಿಂದ ಒಂದೇ ಪೆಟ್ಟಿಗೆಯಂತೆ ಕಂಡರೂ ಒಳಗೆ ಹಲಗೆ ಹೊಡೆದು ನಾಲ್ಕು ಕೋಣೆ ಮಾಡಿದ್ದಾರೆ, ಒಂದೊಂದರಲ್ಲೂ ಎರಡು ಸ್ಪೀಕರು. ಕೋಣೆಗಳು ಗಾಳಿಯಾಡದಂತೆ ಮುಚ್ಚಿವೆ. ಒಳಗೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಹಿಡಿದೆಳೆದು ಮಿತಿ ಮೀರದಂತೆ ಕಾಯುತ್ತದೆ. ಮುಂದೆ ಬಂದ ‘810ಇ’ ಮಾದರಿಯ ವಿವರಪಟ್ಟಿಯಲ್ಲಿ ಕೆಳಗಿನ ಮಿತಿ 58 ಹರ್ಟ್ಝ್ ಎಂದಿದೆ. ಅಲ್ಲಿಂದ ಕೆಳಗೆ ನಾದ ಇಳಿಯುತ್ತಾ 40ರಲ್ಲಿ 10 ಡೆಸಿಬೆಲ್ ಕುಗ್ಗುತ್ತದೆ. ರಾಕ್ ಸಂಗೀತದ ಅತ್ಯಂತ ಹೆಸರಾದ ಬೇಸ್ ಪೆಟ್ಟಿಗೆ ‘ಇ’ ತಂತಿಯ ಮೂಲಸ್ವರವನ್ನು ಪೂರ್ತಿ ಬಲದಲ್ಲಿ ನುಡಿಸುವುದೇ ಇಲ್ಲ. ನುಡಿಸಬೇಕಾದ ಕಡೆ ಅದಕ್ಕೆ ದಣಿವಾಗುವುದಿಲ್ಲ, ಅಷ್ಟೆ.

ಚೀಟಿಯಲ್ಲಿರುವ ವ್ಯಾಟ್, ಚೀಟಿಯಲ್ಲಿಲ್ಲದ ಗಾಳಿ

ಅಂಗಡಿಯಲ್ಲಿ ಪೆಟ್ಟಿಗೆಯ ಹಿಂದೆ ದಪ್ಪಕ್ಷರದಲ್ಲಿ ಕಾಣುವುದು ವ್ಯಾಟ್. ಆ ಅಂಕಿ ಹೇಳುವುದು ಒಂದೇ ಸಂಗತಿ: ಸ್ಪೀಕರಿನ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ಸುಟ್ಟುಹೋಗದೆ ಎಷ್ಟು ಶಾಖ ತಾಳುತ್ತದೆ ಎಂಬುದು. ನೂರು ವ್ಯಾಟ್ ಕೊಟ್ಟರೆ ಒಳ್ಳೆಯ ಸ್ಪೀಕರಿನಲ್ಲೂ ಶಬ್ದವಾಗುವುದು ನಾಲ್ಕೈದು ವ್ಯಾಟ್, ಉಳಿದದ್ದೆಲ್ಲ ಬಿಸಿ. ತಾಮ್ರದ ಸುರುಳಿ 150 ಡಿಗ್ರಿ ಹೆಚ್ಚು ಕಾದರೆ ಅದರ ವಿದ್ಯುತ್ ರೋಧ ಸುಮಾರು 60 ಪ್ರತಿಶತ ಏರುತ್ತದೆ. ಆಗ ಆಂಪ್ ಅಷ್ಟೇ ದುಡಿದರೂ ಶಬ್ದ ಮೂರು ಡೆಸಿಬೆಲ್‌ನಷ್ಟು ಕುಸಿಯಬಹುದು. ಕಛೇರಿಯ ಮೊದಲ ಹಾಡಿನಲ್ಲಿ ಗಟ್ಟಿಯಾಗಿದ್ದ ಬೇಸ್ ಕೊನೆಯ ಹೊತ್ತಿಗೆ ಬಳಲಿದಂತೆ ಕೇಳಿಸಿದರೆ ಒಂದು ಕಾರಣ ಇದು.

ಸೆನ್ಸಿಟಿವಿಟಿ ಎಂಬ ಇನ್ನೊಂದು ಅಂಕಿ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಿಂದ ಅಳೆದರೆ ಎಷ್ಟು ಡೆಸಿಬೆಲ್ ಎಂಬುದು ಅದರ ಅರ್ಥ. ಶಕ್ತಿ ಇಮ್ಮಡಿಯಾದರೆ ಏರುವುದು ಬರೀ 3 ಡೆಸಿಬೆಲ್. ಕಿವಿಗೆ ‘ಎರಡರಷ್ಟು ಜೋರು’ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. 94 ಡೆಸಿಬೆಲ್‌ನ ಪೆಟ್ಟಿಗೆಗೆ 800 ವ್ಯಾಟ್ ಸುರಿದರೆ ಸಿಗುವ ಮಟ್ಟ 100 ಡೆಸಿಬೆಲ್‌ನ ಪೆಟ್ಟಿಗೆಗೆ 200 ವ್ಯಾಟಿನಲ್ಲೇ ಸಿಗುತ್ತದೆ. 300 ವ್ಯಾಟಿನ ಆಂಪನ್ನು 500ಕ್ಕೆ ಬದಲಾಯಿಸಿದರೆ ಗಿಟ್ಟುವುದು ಎರಡು ಡೆಸಿಬೆಲ್ ಚಿಲ್ಲರೆ. ಬ್ಯಾಂಡಿನ ನಡುವೆ ಅದು ಗೊತ್ತಾಗುವುದೇ ಕಷ್ಟ.

ಮೂರನೆಯ ಅಂಕಿ ಬಹುಪಾಲು ಚೀಟಿಗಳಲ್ಲಿ ಇರುವುದೇ ಇಲ್ಲ. ಕೋನ್ ಹಿಡಿತದಲ್ಲಿದ್ದುಕೊಂಡು ಎಷ್ಟು ದೂರ ಓಡಬಲ್ಲುದು ಎನ್ನುವ ಈ ಅಳತೆಗೆ ಎಂಜಿನಿಯರುಗಳ ಭಾಷೆಯಲ್ಲಿ ‘ಎಕ್ಸ್‌ಮ್ಯಾಕ್ಸ್’ ಎಂದು ಹೆಸರು. ನಾದ ಒಡೆಯುವುದು ಮೊದಲು ಇಲ್ಲಿಯೇ. 40 ಹರ್ಟ್ಝ್‌ನ ಸುತ್ತಮುತ್ತ ಎಷ್ಟೋ ಸ್ಪೀಕರುಗಳು ಚೀಟಿಯ ವ್ಯಾಟಿನ ಅರ್ಧವೂ ಮುಟ್ಟುವ ಮೊದಲೇ ಓಟದ ಕೊನೆ ತಲುಪುತ್ತವೆ. ಸುರುಳಿ ಇನ್ನೂ ತಣ್ಣಗೇ ಇರುತ್ತದೆ, ಕೋನ್ ಮಾತ್ರ ಗೋಡೆಗೆ ಬಡಿದಂತೆ ನಿಲ್ಲುತ್ತದೆ.

ಕೋನಿನ ವಿಸ್ತಾರವನ್ನು ಅದರ ಓಟದಿಂದ ಗುಣಿಸಿದರೆ ಪೆಟ್ಟಿಗೆ ಜರುಗಿಸಬಲ್ಲ ಗಾಳಿ ಸಿಗುತ್ತದೆ. ಅಗಲದ ಬೀಸಣಿಗೆಯನ್ನು ಮೆಲ್ಲಗೆ ಬೀಸಿದರೆ ಬರುವಷ್ಟು ಗಾಳಿಗೆ ಕಿರಿದಾದ ಬೀಸಣಿಗೆಯನ್ನು ರಭಸದಿಂದ ಬೀಸಬೇಕಾಗುತ್ತದೆ. 10 ಇಂಚಿನ ಒಂದು ಕೋನಿನ ದುಡಿಯುವ ವಿಸ್ತಾರ ಸುಮಾರು 350 ಚದರ ಸೆಂಟಿಮೀಟರ್, 12 ಇಂಚಿನದ್ದು 530ರ ಸುಮಾರು, 15 ಇಂಚಿನದ್ದು 850. ಅಂದರೆ 10 ಇಂಚಿನ ನಾಲ್ಕು ಕೋನುಗಳಿಗೆ 1,400, 12 ಇಂಚಿನ ಎರಡಕ್ಕೆ 1,060, ಫ್ರಿಜ್‌ನ ಎಂಟಕ್ಕೆ 2,800. ಹಳೆಯ ಫ್ರಿಜ್‌ನ ಒಂದೊಂದು ಕೋನಿನ ಓಟ ಕಡಿಮೆಯೇ. ವಿಸ್ತಾರ ಆ ಕೊರತೆಯನ್ನು ತುಂಬಿಬಿಡುತ್ತದೆ.

15 ಇಂಚು ಅಂದರೆ ಆಳದ ನಾದ, 10 ಇಂಚು ಅಂದರೆ ಚುರುಕು ನಾದ ಎಂಬ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಎಂಟು ಕೋನಿನ ಫ್ರಿಜ್ 58 ಹರ್ಟ್ಝ್‌ನಲ್ಲೇ ಇಳಿಯತೊಡಗಿದರೆ, ಇವತ್ತಿನ ಒಳ್ಳೆಯ 12 ಇಂಚಿನ ಒಂದೇ ಸ್ಪೀಕರು ಸರಿಯಾದ ಪೆಟ್ಟಿಗೆಯಲ್ಲಿ ಅದಕ್ಕಿಂತ ಕೆಳಗೆ ಇಳಿಯಬಲ್ಲದು. ಆಳವನ್ನು ತೀರ್ಮಾನಿಸುವುದು ಸ್ಪೀಕರ್ ಮತ್ತು ಪೆಟ್ಟಿಗೆಯ ಹೊಂದಾಣಿಕೆ, ಇಂಚಿನ ಲೆಕ್ಕವಲ್ಲ.

ಹಾಫ್‌ಮನ್ ನಿಯಮ

ಪೆಟ್ಟಿಗೆ ಕಟ್ಟುವವರೆಲ್ಲ ತಲೆಬಾಗಲೇಬೇಕಾದ ಒಂದು ನಿಯಮವನ್ನು ಅಮೆರಿಕದ ಎಂಜಿನಿಯರ್ ಜೆ. ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಕರೆಯುತ್ತಾರೆ. ಸಣ್ಣ ಪೆಟ್ಟಿಗೆ, ಆಳವಾದ ಬೇಸ್, ಕಡಿಮೆ ವ್ಯಾಟಿನಲ್ಲಿ ಹೆಚ್ಚು ಶಬ್ದ: ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಅಂಗೈಯಗಲದ ಪೆಟ್ಟಿಗೆ ಆಳಕ್ಕೂ ಇಳಿಯುತ್ತದೆ, ಜೋರಾಗಿಯೂ ಕೂಗುತ್ತದೆ ಎಂದು ಜಾಹೀರಾತು ಹೇಳಿದರೆ ಅದು ಮೂರರಲ್ಲೊಂದನ್ನು ಮುಚ್ಚಿಟ್ಟಿದೆ ಎಂದೇ ತಿಳಿಯಬೇಕು.

ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಈ ಹೊಂದಾಣಿಕೆಗೆ ಗಣಿತ ಒದಗಿಸಿದರು. ಅಲ್ಲಿಯವರೆಗೆ ಹೆಚ್ಚಿನ ಪೆಟ್ಟಿಗೆಗಳು ಅಂದಾಜಿನ ಮೇಲೆ ತಯಾರಾಗುತ್ತಿದ್ದವು. ಸ್ಪೀಕರಿನ ಗುಣಗಳನ್ನು ಅಳೆದು, ಅದಕ್ಕೆ ಎಷ್ಟು ಲೀಟರಿನ ಪೆಟ್ಟಿಗೆ ಬೇಕು, ಗಾಳಿಕಂಡಿ ಎಷ್ಟುದ್ದ ಇರಬೇಕು ಎಂದು ಕಾಗದದ ಮೇಲೇ ಲೆಕ್ಕ ಹಾಕುವುದು ಆಮೇಲೆ ಸಾಧ್ಯವಾಯಿತು.

ಆ ಗಾಳಿಕಂಡಿಗೆ ಪೋರ್ಟ್ ಎನ್ನುತ್ತಾರೆ. ಇವತ್ತಿನ ಬಹುಪಾಲು ಬೇಸ್ ಪೆಟ್ಟಿಗೆಗಳು ಪೋರ್ಟ್ ಇರುವಂಥವು. ಶ್ರುತಿ ಮಾಡಿದ ಆವರ್ತನದಲ್ಲಿ ಪೋರ್ಟಿನೊಳಗಿನ ಗಾಳಿಯೇ ದುಡಿಯುತ್ತದೆ. ಕೋನ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಅಷ್ಟರಮಟ್ಟಿಗೆ ನಾದ ತಿಳಿ, ಆಳವೂ ಹೆಚ್ಚು. ಆದರೆ ಆ ಆವರ್ತನಕ್ಕಿಂತ ಕೆಳಗೆ ಪೆಟ್ಟಿಗೆಯ ಹಿಡಿತ ತಪ್ಪಿ ಕೋನ್ ಎಗ್ಗಿಲ್ಲದೆ ಓಡಾಡುತ್ತದೆ. 45 ಹರ್ಟ್ಝ್‌ಗೆ ಶ್ರುತಿಯಾದ ಪೆಟ್ಟಿಗೆಯಲ್ಲಿ ಐದನೆಯ ತಂತಿಯ 31 ಹರ್ಟ್ಝ್ ಜೋರಾಗಿ ನುಡಿಸಿದರೆ ಸ್ಪೀಕರ್ ಹಾಳಾಗಲೂಬಹುದು.

ಇದಕ್ಕೆ ಅಗ್ಗದ ರಕ್ಷಣೆ ಹೈ ಪಾಸ್ ಫಿಲ್ಟರ್. 30-35 ಹರ್ಟ್ಝ್‌ಗಿಂತ ಕೆಳಗಿನದನ್ನು ಕತ್ತರಿಸುವ ಈ ಸಲಕರಣೆ ಕೆಲವು ಆಂಪುಗಳಲ್ಲೇ ಇರುತ್ತದೆ, ಪೆಡಲ್ ರೂಪದಲ್ಲೂ ಸಿಗುತ್ತದೆ. ಕತ್ತರಿಸಿದ್ದು ಕಿವಿಗೆ ಗೊತ್ತೇ ಆಗುವುದಿಲ್ಲ. ಕೋನಿಗೆ ಮಾತ್ರ ದೊಡ್ಡ ಹೊರೆ ಇಳಿಯುತ್ತದೆ. ಬೇಸ್ ನಾಬ್‌ನ ವಿಷಯವೂ ಹೀಗೆಯೇ. ಅದನ್ನು 6 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ನಾಲ್ಕು ಪಟ್ಟು ವ್ಯಾಟ್, 10 ಡೆಸಿಬೆಲ್ ಏರಿಸಿದರೆ ಹತ್ತು ಪಟ್ಟು. ವೇದಿಕೆಯಲ್ಲಿ ಸೌಂಡ್ ಒಡೆಯತೊಡಗಿದರೆ ಬೇಸ್ ನಾಬ್ ತಗ್ಗಿಸಿ, ಮಧ್ಯದ ಸ್ವರಗಳ ‘ಮಿಡ್’ ನಾಬ್ ಸ್ವಲ್ಪ ಏರಿಸುವುದು ಹೊಸ ಪೆಟ್ಟಿಗೆ ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ.

ಹೊರುವವರ ಬೆನ್ನು, ಕೇಳುವವರ ಕಿವಿ

ತೂಕದಲ್ಲಿ ಮಾತ್ರ ಕಾಲ ಬದಲಾಗಿದೆ. 1980ರ ದಶಕದಲ್ಲಿ ಬಂದ ನಿಯೋಡಿಮಿಯಮ್ ಅಯಸ್ಕಾಂತ ಹಳೆಯ ಫೆರೈಟ್‌ನ ಸಣ್ಣ ಪಾಲಿನಷ್ಟೇ ತೂಗಿ ಅಷ್ಟೇ ಬಲ ಕೊಡುತ್ತದೆ. ಕ್ಲಾಸ್ ಡಿ ತಂತ್ರಜ್ಞಾನದಿಂದ ಎರಡು-ಮೂರು ಕಿಲೋ ಆಂಪಿನಲ್ಲಿ 500 ವ್ಯಾಟ್ ಸಾಧ್ಯವಾಗಿದೆ. ‘810ಇ’ ಪೆಟ್ಟಿಗೆ ಎತ್ತಲು 63 ಕಿಲೋ. 12 ಇಂಚಿನ ಒಂದು ಸ್ಪೀಕರಿನ ಇಂದಿನ ನಿಯೋಡಿಮಿಯಮ್ ಪೆಟ್ಟಿಗೆ 15 ಕಿಲೋ ಆಸುಪಾಸು. ಹಗುರಾದದ್ದು ಅಯಸ್ಕಾಂತ ಮತ್ತು ಮರ. ಹಾಫ್‌ಮನ್ ನಿಯಮ ಹಗುರಾಗಿಲ್ಲ. ಒಳಗಿನ ಗಾಳಿಯ ಲೀಟರು ಬೇಕೆಂದರೆ ಪೆಟ್ಟಿಗೆಯ ಗಾತ್ರ ಬೇಕೇ ಬೇಕು.

ಪೆಟ್ಟಿಗೆಯನ್ನು ಹೇಗೆ ನಿಲ್ಲಿಸುತ್ತಾರೆ ಎಂಬುದರ ಮೇಲೂ ನಾದದ ಸ್ಪಷ್ಟತೆ ನಿಂತಿದೆ. ಸ್ಪೀಕರುಗಳನ್ನು ಅಕ್ಕಪಕ್ಕ ಇಟ್ಟರೆ ಮಿಡ್ ಸ್ವರಗಳು ಎದುರಿಗೆ ಕಿರಿದಾದ ದಾರಿಯಲ್ಲಿ ಹೋಗುತ್ತವೆ. ಪಕ್ಕದಲ್ಲಿ ನಿಂತ ಡ್ರಮ್ಮರ್‌ಗೆ ಬರೀ ಗೊಣಗಾಟ. ಒಂದರ ಮೇಲೊಂದು ನಿಲ್ಲಿಸಿದರೆ ಅವು ಅಡ್ಡಕ್ಕೆ ಅಗಲವಾಗಿ ಹರಡುತ್ತವೆ. ಮೇಲಿನ ಸ್ಪೀಕರ್ ಕಿವಿಯ ಹತ್ತಿರಕ್ಕೂ ಬರುತ್ತದೆ. ಮೊಣಕಾಲ ಎತ್ತರದ ಪೆಟ್ಟಿಗೆಯ ಮುಂದೆ ಎರಡಡಿ ದೂರದಲ್ಲಿ ನಿಂತ ವಾದಕರಿಗೆ ತಮ್ಮ ನಾದವೇ ಸರಿಯಾಗಿ ಕೇಳಿಸದು. ಅವರು ವಾಲ್ಯೂಮ್ ಏರಿಸುತ್ತಾರೆ, ಇಪ್ಪತ್ತಡಿ ದೂರದ ಶ್ರೋತೃಗಳು ಕಿವಿ ಮುಚ್ಚಿಕೊಳ್ಳುತ್ತಾರೆ. ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟರೆ ಅಥವಾ ಹಿಂದಕ್ಕೆ ವಾಲಿಸಿದರೆ ಎಷ್ಟೋ ಸಲ ಇನ್ನೊಂದು ಪೆಟ್ಟಿಗೆಯ ಅಗತ್ಯವೇ ಬೀಳುವುದಿಲ್ಲ. ಗೋಡೆಯ ಮೂಲೆಗೆ ಒತ್ತಿ ಇಟ್ಟರೆ ತಗ್ಗಿನ ಸ್ವರ ಉಬ್ಬುತ್ತದೆ. ಸಿಮೆಂಟಿನ ಕಲ್ಯಾಣಮಂಟಪಗಳಲ್ಲಿ ಆ ಉಬ್ಬು ಗದ್ದಲವಾಗಿ ಮಾರ್ಪಡುತ್ತದೆ.

ಬೆರಳಿನಿಂದ ತಂತಿ ಹೊಡೆದೆಳೆಯುವ ಸ್ಲ್ಯಾಪ್ ಶೈಲಿಯವರಿಗೆ ಟ್ವೀಟರ್ (ಮೇಲಿನ ಸ್ವರಗಳ ಚಿಕ್ಕ ಸ್ಪೀಕರು) ಇರುವ ಪೆಟ್ಟಿಗೆ ಒಳ್ಳೆಯದು. 1980ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಎಸ್‌ಡಬ್ಲ್ಯೂಆರ್ ಕಂಪನಿ 10 ಇಂಚಿನ ನಾಲ್ಕು ಸ್ಪೀಕರು ಮತ್ತು ಒಂದು ಟ್ವೀಟರಿನ ‘ಗೊಲಾಯತ್’ ತಂದ ಮೇಲೆ ಆ ಜೋಡಣೆ ಜನಪ್ರಿಯವಾಯಿತು. ಟ್ವೀಟರ್ ತಂತಿಯ ಹೊಳಪನ್ನು ತೋರಿಸಿದಂತೆ ಒಡಕನ್ನೂ ತೋರಿಸುತ್ತದೆ. ಅದರ ಮಟ್ಟ ತಗ್ಗಿಸುವ ಗುಂಡಿ ಹಿಂಬದಿಯಲ್ಲಿ ಇದೆಯೇ ಎಂದು ನೋಡಿಕೊಳ್ಳಬೇಕು.

ದೊಡ್ಡ ಮೈದಾನಗಳ ಮಾತು ಬೇರೆ. ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಬೇಸ್ ಹಿಡಿದಿದ್ದವರು ಡ್ಯಾರಿಲ್ ಜೋನ್ಸ್. ಅಂಥ ಕಡೆ ಜನರಿಗೆ ಕೇಳಿಸುವುದು ವೇದಿಕೆಯ ಇಕ್ಕೆಲದ ಪಿಎ ಸ್ಪೀಕರುಗಳಿಂದ. ವಾದಕರ ಬೆನ್ನಿಗಿರುವ ಪೆಟ್ಟಿಗೆ ವೇದಿಕೆಯ ಮೇಲಿನವರಿಗಷ್ಟೇ. ಪಬ್ಬಿನಲ್ಲಿ, ಸಣ್ಣ ಸಭಾಂಗಣದಲ್ಲಿ ಬೇಸನ್ನು ಎಷ್ಟೋ ಸಲ ಪಿಎಗೆ ಕೊಡುವುದಿಲ್ಲ. ಆಗ ಇಡೀ ಹೊಣೆ ಈ ಪೆಟ್ಟಿಗೆಯದೇ. ಕೊಳ್ಳುವ ಮೊದಲು ಹೆಚ್ಚಾಗಿ ನುಡಿಸುವುದು ಎಲ್ಲಿ ಎಂದು ಯೋಚಿಸಿದರೆ ಅರ್ಧ ಆಯ್ಕೆ ಮುಗಿದಂತೆ.

ಓಮ್ ಲೆಕ್ಕ, ಅಂಗಡಿಯ ಪರೀಕ್ಷೆ

ಪೆಟ್ಟಿಗೆಯ ಹಿಂದೆ ಅದರ ವಿದ್ಯುತ್ ರೋಧವನ್ನು 4 ಅಥವಾ 8 ಓಮ್ ಎಂದು ಬರೆದಿರುತ್ತಾರೆ. 8 ಓಮ್‌ನ ಎರಡನ್ನು ಒಟ್ಟಿಗೆ ಜೋಡಿಸಿದರೆ ಆಂಪಿಗೆ ಕಾಣುವುದು 4 ಓಮ್. 4 ಓಮ್‌ನ ಎರಡನ್ನು ಜೋಡಿಸಿದರೆ 2. ಬಹುಪಾಲು ಆಂಪುಗಳ ಕನಿಷ್ಠ ಮಿತಿ 4. ಅದಕ್ಕಿಂತ ಕೆಳಗಿಳಿದರೆ ಆಂಪ್ ಕಾದು ತಾನಾಗಿಯೇ ಬಂದಾಗುತ್ತದೆ, ಇಲ್ಲವೇ ಕೆಟ್ಟುಹೋಗುತ್ತದೆ. ಆಂಪಿನಿಂದ ಪೆಟ್ಟಿಗೆಗೆ ಗಿಟಾರ್ ಕೇಬಲ್ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ನೋಡಲು ಎರಡೂ ಒಂದೇ ಥರ ಇದ್ದರೂ ಗಿಟಾರ್ ಕೇಬಲಿನೊಳಗಿನ ಎಳೆ ಕೂದಲಿನಷ್ಟು ಸಣ್ಣ. ನೂರಾರು ವ್ಯಾಟಿಗೆ ಅದು ಬಿಸಿಯಾಗುತ್ತದೆ. ತಿರುಗಿಸಿ ಬಿಗಿಯುವ ಸ್ಪೀಕಾನ್ ಕನೆಕ್ಟರ್ ಇರುವ ದಪ್ಪ ಸ್ಪೀಕರ್ ಕೇಬಲ್ಲೇ ಸರಿ.

ಅಂಗಡಿಗೆ ಹೋಗುವಾಗ ಸ್ವಂತ ಬೇಸನ್ನೂ ಆಂಪನ್ನೂ ಕೊಂಡೊಯ್ಯುವುದು ಲೇಸು. ಮೊದಲು ಪೆಟ್ಟಿಗೆಯ ಪಕ್ಕದ ಹಲಗೆಗೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಒಳಗೆ ಅಡ್ಡಪಟ್ಟಿ ಕೊಟ್ಟು ಬಿಗಿ ಮಾಡಿದ ಪ್ಲೈವುಡ್ ‘ಟಕ್’ ಎಂದು ಅಲ್ಲಿಗೇ ನಿಲ್ಲುತ್ತದೆ. ‘ಡುಂಯ್’ ಎಂದು ಗುಯ್‌ಗುಟ್ಟಿದರೆ ಆ ಹಲಗೆಯೂ ಕಛೇರಿಯಲ್ಲಿ ತನ್ನ ಪಾಲು ಸದ್ದು ಸೇರಿಸುತ್ತದೆ. ಆಮೇಲೆ ನಾಬ್‌ಗಳನ್ನೆಲ್ಲ ಮಧ್ಯಕ್ಕಿಟ್ಟು ‘ಇ’ ತಂತಿಯನ್ನು ಮೆಲ್ಲಗೆ, ಆಮೇಲೆ ಜೋರಾಗಿ ಮೀಟಬೇಕು. ಕೋನ್ ಕಣ್ಣಿಗೆ ಮಸುಕಾಗುವಷ್ಟು ಅದುರುತ್ತಿದ್ದರೆ ಮಿತಿ ಹತ್ತಿರವಿದೆ ಎಂದರ್ಥ. ಪೋರ್ಟಿನ ಮುಂದೆ ಅಂಗೈ ಹಿಡಿದರೆ ಗಾಳಿ ತಾಗುವುದು ಸಹಜ. ‘ಫಸ್ ಫಸ್’ ಎಂದು ಕಿವಿಗೂ ಕೇಳಿಸಿದರೆ ಪೋರ್ಟ್ ಸಣ್ಣದಾಯಿತು.

ಇದನ್ನೆಲ್ಲ ಮನೆಯ ವಾಲ್ಯೂಮಿನಲ್ಲಿ ಮಾಡಿ ಪ್ರಯೋಜನವಿಲ್ಲ. ಡ್ರಮ್ಸ್ ಪಕ್ಕ ನುಡಿಸುವ ಮಟ್ಟಕ್ಕೆ ಏರಿಸಿ, ಹತ್ತಡಿ ದೂರಕ್ಕೂ ಪಕ್ಕಕ್ಕೂ ಹೋಗಿ ಕೇಳಬೇಕು. ಅಷ್ಟು ಹೊತ್ತು ಕಿವಿಗೆ ಇಯರ್‌ಪ್ಲಗ್ ಇರಲಿ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಪ್ರಕಾರ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದಾದರೆ 100 ಡೆಸಿಬೆಲ್ಲನ್ನು ಕೇವಲ 15 ನಿಮಿಷ. ಬೇಸ್ ವಾದಕರು ಈ ಎಚ್ಚರ ಮರೆತರೆ ತಿಳಿನಾದಕ್ಕೆ ಮಾಡಿದ ಖರ್ಚು ಅವರಿಗೇ ದಕ್ಕುವುದಿಲ್ಲ.

ಎರಡು ಬೇರೆಬೇರೆ ಥರದ ಪೆಟ್ಟಿಗೆ, ಉದಾಹರಣೆಗೆ 15 ಇಂಚಿನದೊಂದು, 10 ಇಂಚಿನ ನಾಲ್ಕಿರುವುದೊಂದು, ಸೇರಿಸುವುದು ನಮ್ಮಲ್ಲಿ ರೂಢಿ. ಎರಡರ ಮಿತಿಗಳೂ ಬೇರೆ. ಆಂಪನ್ನು ಜೋರು ಮಾಡಿದಾಗ ದುರ್ಬಲವಾದದ್ದು ಮೊದಲು ಒಡೆದು ಇನ್ನೊಂದರ ನಾದವನ್ನೂ ಕೆಡಿಸುತ್ತದೆ. ಒಂದೇ ಮಾದರಿಯ ಎರಡು ಪೆಟ್ಟಿಗೆಗಳಾದರೆ ಗಾಳಿ ಜರುಗಿಸುವ ಶಕ್ತಿ ಇಮ್ಮಡಿ. ಎರಡಕ್ಕೂ ಮೊದಲಿನಷ್ಟೇ ವ್ಯಾಟ್ ಸಿಕ್ಕರೆ ತಗ್ಗಿನ ಸ್ವರಗಳಲ್ಲಿ 6 ಡೆಸಿಬೆಲ್ ಏರಿಕೆ ಸಿಗುತ್ತದೆ. ಮೊದಲಿನ ಮಟ್ಟದಲ್ಲೇ ನುಡಿಸಿದರೆ ಒಂದೊಂದು ಕೋನಿನ ಓಟ ಅರ್ಧಕ್ಕಿಳಿಯುತ್ತದೆ. ಸೀಮಿತ ಹಣದಲ್ಲಿ ಕೊಳ್ಳುವವರು ಹಗುರಾದ, 8 ಓಮ್‌ನ, 12 ಇಂಚಿನ ಒಂದು ಅಥವಾ 10 ಇಂಚಿನ ಎರಡು ಸ್ಪೀಕರಿನ ಒಳ್ಳೆಯ ಪೆಟ್ಟಿಗೆಯಿಂದ ಶುರು ಮಾಡಬಹುದು. ಪಬ್ಬಿಗೆ, ಅಭ್ಯಾಸಕ್ಕೆ ಅದೊಂದೇ ಸಾಕು. ದೊಡ್ಡ ಜಾಗದ ಕಾರ್ಯಕ್ರಮಗಳು ಬರತೊಡಗಿದಾಗ ಅದೇ ಕಂಪನಿಯ ಅದೇ ಮಾದರಿಯ ಇನ್ನೊಂದನ್ನು ತಂದು ಅದರ ಮೇಲೆ ನಿಲ್ಲಿಸಿದರಾಯಿತು.